ಒಂಬತ್ತನೇ ಕ್ಲಾಸಿಗೆ ಮ್ಯಾಕ್‌ಬೆತ್: ಮೊದಲು ಬಾಯಿಗೆ, ಆಮೇಲೆ ಅರ್ಥಕ್ಕೆ

ಹದಿನಾಲ್ಕು ಹದಿನೈದರ ಮಕ್ಕಳಿಗೆ ಶೇಕ್ಸ್‌ಪಿಯರ್ ಓದಿಸಲು ಹೊರಟವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ರೋಮಿಯೊ ಜೂಲಿಯೆಟ್. ಪ್ರೇಮಕಥೆ, ನಾಯಕಿಯೂ ಅವರದೇ ವಯಸ್ಸಿನವಳು, ತಾನಾಗಿ ಹಿಡಿಸುತ್ತದೆ ಅನ್ನುವ ಲೆಕ್ಕಾಚಾರ. ಹುಡುಗರೂ ಹುಡುಗಿಯರೂ ಒಟ್ಟಿಗೆ ಕೂತ ಕ್ಲಾಸಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಪ್ರೇಮದ ಸಾಲನ್ನು ಗಟ್ಟಿಯಾಗಿ ಓದುವಷ್ಟು ಧೈರ್ಯ ಆ ವಯಸ್ಸಿಗಿಲ್ಲ. ಹಿಂದಿನ ಬೆಂಚಿನಿಂದ ಒಂದು ಕಿಸಕ್ ಬಂದರೆ ಆ ಪೀರಿಯಡ್ ಮುಗಿದಂತೆ. ನಮ್ಮ ಆಯ್ಕೆ ಮ್ಯಾಕ್‌ಬೆತ್. ಮಾಟಗಾತಿಯರು, ಕೊಲೆ, ಪ್ರೇತ, ನಿದ್ದೆಗಣ್ಣಿನಲ್ಲಿ ಓಡಾಡುವ ರಾಣಿ, ಎಲ್ಲ ಇವೆ. ಮುಜುಗರ ಪಡುವಂಥದ್ದು ಕಡಿಮೆ. ಉದ್ದವೂ ಕಡಿಮೆ. ಹ್ಯಾಮ್ಲೆಟ್ 4,000 ಸಾಲುಗಳ ಹತ್ತಿರ ಹೋಗುತ್ತದೆ, ಇದು 2,000 ಚಿಲ್ಲರೆಗೆ ನಿಲ್ಲುತ್ತದೆ.

ಆ 2,000 ಚಿಲ್ಲರೆಯನ್ನೂ ಓದಿಸಬಾರದು. ನಲವತ್ತು ನಿಮಿಷದ ಪೀರಿಯಡ್, ವಾರಕ್ಕೆ ಎರಡು, ಎಂಟು ವಾರ ಅಂದರೆ ಕೈಗೆ ಸಿಗುವುದು ಹದಿನಾರು ತರಗತಿ. ಅಷ್ಟರಲ್ಲಿ ಸುಖವಾಗಿ ಮುಗಿಯುವುದು 600 ಸಾಲು. ಕತ್ತರಿ ಹಾಕುವುದೆಂದರೆ ಮಹಾಪಾಪ ಎಂದು ಭಾವಿಸುವ ಮೇಷ್ಟ್ರುಗಳಿಗೆ ಒಂದು ಸಮಾಧಾನ ಹೇಳಬಹುದು. ಈ ನಾಟಕ ಮೊದಲು ಅಚ್ಚಾದದ್ದು 1623ರ ಫೋಲಿಯೊ ಎಂಬ ನಾಟಕಸಂಗ್ರಹದಲ್ಲಿ, ಶೇಕ್ಸ್‌ಪಿಯರ್ ಸತ್ತು ಏಳು ವರ್ಷದ ಮೇಲೆ. ಆ ಪ್ರತಿಗೇ ಆಗಲೇ ಬೇರೆಯವರ ಕೈ ತಾಗಿದೆ ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಮೂರನೇ ಅಂಕದಲ್ಲಿ ಮಾಟಗಾತಿಯರ ಒಡತಿ ಹೆಕಟಿ ಬರುವ ದೃಶ್ಯ ಆ ಕಾಲದ ಇನ್ನೊಬ್ಬ ನಾಟಕಕಾರ ಥಾಮಸ್ ಮಿಡಲ್‌ಟನ್ ಸೇರಿಸಿದ್ದು ಎನ್ನುವುದು ಬಹುಮಟ್ಟಿಗೆ ಒಪ್ಪಿತವಾದ ಮಾತು. ಅದನ್ನು ಮೊದಲು ತೆಗೆಯಿರಿ. ಆಮೇಲೆ ನಾಲ್ಕನೇ ಅಂಕದಲ್ಲಿ ಇಂಗ್ಲೆಂಡಿನಲ್ಲಿ ನಡೆಯುವ ಉದ್ದದ ದೃಶ್ಯಕ್ಕೆ ಬನ್ನಿ. 240ರ ಆಸುಪಾಸು ಸಾಲುಗಳಲ್ಲಿ, ಮ್ಯಾಕ್‌ಬೆತ್‌ಗೆ ತಿರುಗಿಬಿದ್ದ ಮ್ಯಾಕ್‌ಡಫ್‌ಗೆ ಹೆಂಡತಿ ಮಕ್ಕಳ ಸಾವಿನ ಸುದ್ದಿ ಮುಟ್ಟುವ ಭಾಗ ಉಳಿದರೆ ಸಾಕು. ದ್ವಾರಪಾಲಕನ ಕುಡುಕ ಮಾತುಗಳಲ್ಲಿ ಬಾಗಿಲು ಬಡಿಯುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬಹುದು. ಮೊದಲನೇ ಅಂಕದ ಒಂದು, ಮೂರು, ಐದು, ಏಳನೇ ದೃಶ್ಯಗಳು, ಎರಡರ ಎರಡು, ಮೂರರ ನಾಲ್ಕು, ನಾಲ್ಕರ ಒಂದು, ಐದರ ಒಂದು ಮತ್ತು ಐದು: ಇಷ್ಟು ಬೆನ್ನೆಲುಬು. ಇವುಗಳ ಒಳಗೂ ಅಲ್ಲಲ್ಲಿ ತೆಳ್ಳಗೆ ಮಾಡಬೇಕು.

ಕತ್ತರಿಸುವಾಗ ಒಂದು ನಿಯಮವಿದೆ. ತೆಗೆಯುವುದಾದರೆ ಇಡೀ ಸಾಲು ತೆಗೆಯಬೇಕು. ಅರ್ಧ ಸಾಲು ತೆಗೆದರೆ ಲಯ ಕುಂಟುತ್ತದೆ, ಕುಂಟಿದ್ದು ಮಕ್ಕಳ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕಾರಣ ಗೊತ್ತಾಗುವುದಿಲ್ಲ, ಅಷ್ಟೆ.

ಕಥೆಯನ್ನು ಮುಂಚೆ ಹೇಳಬೇಕೆ? ಹೇಳಬೇಕು, ಕನ್ನಡದಲ್ಲೇ ಹೇಳಬೇಕು. ಆದರೆ ಡಂಕನ್ ರಾಜ ಮ್ಯಾಕ್‌ಬೆತ್‌ನ ಕೋಟೆಗೆ ಊಟಕ್ಕೆ ಬಂದು ಮಲಗುವವರೆಗೆ ಮಾತ್ರ. ಹತ್ತು ನಿಮಿಷದ ಕೆಲಸ. ಮುಂದೇನಾಯಿತು ಎಂದು ಕೇಳಿದರೆ ಪುಟ ತೆರೆಯಲು ಹೇಳುವುದು. ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ 1807ರಲ್ಲಿ ಮಕ್ಕಳಿಗೆಂದು ಬರೆದ ಗದ್ಯಕಥೆಗಳನ್ನು ಮೊದಲು ಓದಿಸುವ ಪದ್ಧತಿ ಈಗಲೂ ಇದೆ. ನಮಗೆ ಅದು ಒಪ್ಪಿಗೆಯಿಲ್ಲ. ಲ್ಯಾಂಬರ ಒಂದೊಂದು ವಾಕ್ಯವೂ ಅರ್ಧ ಪ್ಯಾರಾ ಓಡುತ್ತದೆ, ಇವತ್ತಿನ ಮಕ್ಕಳಿಗೆ ಅದು ಮೂಲ ನಾಟಕಕ್ಕಿಂತ ಕಷ್ಟ. ಒಂದು ಪುಟದಲ್ಲಿ ಮೂಲ, ಎದುರು ಪುಟದಲ್ಲಿ ಇವತ್ತಿನ ಇಂಗ್ಲಿಷ್ ಇರುವ ಪುಸ್ತಕಗಳು ಇನ್ನೂ ಅಪಾಯ. ಕಣ್ಣು ಎಡಪುಟಕ್ಕೆ ಹೋಗುವುದೇ ಇಲ್ಲ. ಅವು ಮೇಷ್ಟ್ರ ಮೇಜಿನ ಮೇಲಿರಲಿ.

ಮೊದಲ ತರಗತಿ ಪೂರ್ತಿ ಮೂವರು ಮಾಟಗಾತಿಯರ ಮೊದಲ ದೃಶ್ಯಕ್ಕೆ. ಸುಮ್ಮನೆ ಹನ್ನೆರಡು ಸಾಲು. ಅರ್ಥ ಹೇಳುವುದಿಲ್ಲ. ‘ವೆನ್ ಶಲ್ ವಿ ತ್ರೀ ಮೀಟ್ ಅಗೇನ್’ ಎಂದು ಬೆಂಚು ಕುಟ್ಟಿಕೊಂಡು ಇಡೀ ತರಗತಿ ಹೇಳುವುದು. ಸಾಲಿಗೆ ನಾಲ್ಕು ಪೆಟ್ಟು, ಪೆಟ್ಟು ಮೊದಲ ಅಕ್ಷರದಲ್ಲೇ ಬೀಳುತ್ತದೆ. ಕನ್ನಡದ ನಾಲಿಗೆಗೆ ಇದು ಸಲೀಸು. ನಾವು ಶಬ್ದದ ಮೊದಲಿಗೇ ಒತ್ತು ಕೊಡುವವರು. ‘ಹರ್ಲಿ ಬರ್ಲಿ’ ಬಂದಾಗ ನಗು ಬರುತ್ತದೆ, ಬರಲಿ. ಮೂರು ಗುಂಪು ಮಾಡಿ ಒಂದಕ್ಕೆ ಪಿಸುಮಾತು, ಒಂದಕ್ಕೆ ಗಂಟಲ ಕೆಳಗಿನ ದನಿ, ಒಂದಕ್ಕೆ ಕೀರಲು ದನಿ ಕೊಟ್ಟರೆ ನಲವತ್ತು ನಿಮಿಷದೊಳಗೆ ಆ ಹನ್ನೆರಡೂ ಸಾಲು ಬಾಯಿಪಾಠ. ಮನೆಗೆಲಸ ಕೊಟ್ಟು ಬಾಯಿಪಾಠ ಮಾಡಿಸಿದ್ದು ಮರುವಾರ ಉಳಿಯುವುದಿಲ್ಲ, ಹೀಗೆ ಬಂದದ್ದು ಉಳಿಯುತ್ತದೆ.

ನಿಜವಾದ ತೊಡಕು ಎರಡನೇ ತರಗತಿಗೆ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಸಾಲು ‘ಸೋ ಫೌಲ್ ಆಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’. ಹತ್ತು ಶಬ್ದ, ಹತ್ತೂ ಏಕಾಕ್ಷರ. ಮೊದಲನೆಯದು ಹಗುರ, ಎರಡನೆಯದು ಭಾರ, ಹೀಗೆ ಐದು ಜೋಡಿ. ಇದೇ ಆ ಹೆಸರಾಂತ ಅಯಾಂಬಿಕ್ ಪೆಂಟಾಮೀಟರ್. ನಮ್ಮ ಮಕ್ಕಳ ಬಾಯಲ್ಲಿ ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಒಂದು, ವ್ಯಂಜನದಲ್ಲಿ ನಿಲ್ಲಲು ಕನ್ನಡದ ನಾಲಿಗೆ ಒಪ್ಪದೆ ಕೊನೆಗೊಂದು ಉಕಾರ ಅಂಟಿಸುತ್ತದೆ. ‘ಸೋ ಫೌಲಂಡು ಫೇರೆ ಡೇ ಐ ಹ್ಯಾವು ನಾಟು ಸೀನು’. ಎಣಿಸಿ ನೋಡಿ, ಹತ್ತು ಇದ್ದದ್ದು ಹದಿನಾಲ್ಕಾಗಿದೆ. ಇನ್ನೊಂದು, ಒತ್ತು ಮೊದಲಿಗೇ ಬಿದ್ದು ಸಾಲು ತಿರುವುಮುರುವಾಗುತ್ತದೆ, ಇಲ್ಲವೇ ಎಲ್ಲ ಅಕ್ಷರಕ್ಕೂ ಸಮನಾದ ತೂಕ ಬಿದ್ದು ಮಗ್ಗಿ ಹೇಳಿದಂತಾಗುತ್ತದೆ. ನಮ್ಮ ಛಂದಸ್ಸು ಮಾತ್ರೆಯ ಲೆಕ್ಕದ್ದು, ಉಚ್ಚಾರಕ್ಕೆ ಹಿಡಿಯುವ ಕಾಲವನ್ನು ಎಣಿಸುತ್ತದೆ. ಅವರದು ಒತ್ತಿನ ಲೆಕ್ಕದ್ದು. ಲಘು ಗುರು ಹಾಕಿ ಪ್ರಸ್ತಾರ ಮಾಡಲು ಕಲಿತ ಮಕ್ಕಳು ಇಲ್ಲೂ ಅದೇ ಗುರುತು ಹಾಕಲು ಹೋಗುತ್ತಾರೆ. ಬೋರ್ಡಿನ ಮೇಲೆ ಆ ಗುರುತುಗಳನ್ನು ಬರೆಯದಿರುವುದೇ ಒಳ್ಳೆಯದು.

ಇದಕ್ಕೆ ಮದ್ದು ಕಾಲಿನಲ್ಲಿದೆ. ಕಾರಿಡಾರಿನಲ್ಲಿ ನಿಲ್ಲಿಸಿ, ಎಡಗಾಲು ಮೆತ್ತಗೆ, ಬಲಗಾಲು ಗಟ್ಟಿಯಾಗಿ ಊರಿಸಿಕೊಂಡು ಒಂದೊಂದು ಹೆಜ್ಜೆಗೆ ಒಂದೊಂದು ಶಬ್ದ ಹೇಳಿಸಬೇಕು. ಐದು ಬಲಗಾಲಿಗೆ ಸಾಲು ಮುಗಿಯಬೇಕು. ಉಕಾರ ಅಂಟಿಸಿದವನಿಗೆ ಹೆಜ್ಜೆ ಸಾಲುವುದಿಲ್ಲ, ಅವನೇ ತಿದ್ದಿಕೊಳ್ಳುತ್ತಾನೆ. ನಾವು ಉಚ್ಚಾರದ ವಿಷಯ ಎತ್ತುವುದೇ ಇಲ್ಲ. ಎತ್ತಿದರೆ ಇಂಗ್ಲಿಷ್ ಬಾರದವನು ಎಂಬ ಹಳೇ ಅಂಜಿಕೆ ಎದ್ದು ಕೂರುತ್ತದೆ, ಬಾಯಿ ಮುಚ್ಚಿಹೋಗುತ್ತದೆ. ಲಂಡನ್ನಿನ ಉಚ್ಚಾರ ಯಾರಿಗೂ ಬೇಕಿಲ್ಲ, ಶೇಕ್ಸ್‌ಪಿಯರ್ ಕಾಲದ ಲಂಡನ್ನೇ ಈಗಿನ ಹಾಗೆ ಉಚ್ಚರಿಸುತ್ತಿರಲಿಲ್ಲ. ಹೆಜ್ಜೆ ಕೂತ ಮೇಲೆ ‘ಫೌಲ್’, ‘ಫೇರ್’ ಎರಡನ್ನೂ ಮಾಟಗಾತಿಯರ ಬಾಯಲ್ಲಿ ಆಗಲೇ ಹೇಳಿದ್ದೇವಲ್ಲ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅವರನ್ನು ಇನ್ನೂ ಭೇಟಿಯೇ ಆಗದ ಮ್ಯಾಕ್‌ಬೆತ್‌ನ ನಾಲಿಗೆಗೆ ಅವರ ಮಾತು ಬಂದದ್ದು ಹೇಗೆ? ಈ ಪ್ರಶ್ನೆಗೆ ಒಂದಿಡೀ ತರಗತಿ ಕೊಡಬಹುದು. ಅಂದಹಾಗೆ ‘ಫೇರ್’ ಎಂದರೆ ಮಕ್ಕಳಿಗೆ ಮುಖಕ್ಕೆ ಹಚ್ಚುವ ಕ್ರೀಮು. ಚೆಂದದ್ದು, ಒಳ್ಳೆಯದು ಎಂಬ ಅರ್ಥವನ್ನು ಅಲ್ಲೇ ಹೇಳಿಬಿಡಬೇಕು.

ಶಬ್ದಾರ್ಥದ ಪಟ್ಟಿ ಕೊಡುವುದಾದರೆ ದೃಶ್ಯಕ್ಕೆ ಎಂಟು ಶಬ್ದ ಮೀರಬಾರದು. ಅದರಲ್ಲೂ ಗೊತ್ತಿಲ್ಲದ ಶಬ್ದಕ್ಕಿಂತ ಗೊತ್ತಿದೆ ಅನ್ನಿಸುವ ಶಬ್ದವೇ ಹೆಚ್ಚು ಕೆಡಿಸುವುದು. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು ‘ದಿಸ್ ಈಸ್ ಎ ಸಾರಿ ಸೈಟ್’ ಅನ್ನುತ್ತಾನೆ. ಕ್ಷಮೆ ಕೇಳುತ್ತಿದ್ದಾನೆ ಎಂದು ಅರ್ಧ ತರಗತಿ ಬರೆಯುತ್ತದೆ. ದೈನ್ಯದ, ನೋಡಲಾಗದ ನೋಟ ಅದು. ಅದೇ ದೃಶ್ಯದಲ್ಲಿ ‘ವೇರ್‌ಫೋರ್’ ಬರುತ್ತದೆ. ಅದರಲ್ಲಿ ‘ವೇರ್’ ಕಂಡು ಎಲ್ಲಿ ಎಂದುಕೊಳ್ಳುತ್ತಾರೆ, ಇರುವ ಅರ್ಥ ಏಕೆ ಎಂದು. ಇಂಥವನ್ನು ಮುಂಚಿತವಾಗಿ ಬೋರ್ಡಿಗೆ ಹಾಕಿ. ‘ಗ್ರೇಮಾಲ್ಕಿನ್’ ಥರದವನ್ನು ಬಿಟ್ಟುಬಿಡಿ, ಬೆಕ್ಕಿನ ಹೆಸರು ಎಂದರೆ ಮುಗಿಯಿತು.

‘ದೌ’, ‘ಯೂ’ ವಿಷಯದಲ್ಲಿ ಮಾತ್ರ ನಮ್ಮ ಮಕ್ಕಳಿಗೆ ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗಿಂತ ಅನುಕೂಲ ಜಾಸ್ತಿ. ಅವರಿಗೆ ಇದನ್ನು ಟಿಪ್ಪಣಿ ಓದಿ ತಿಳಿಯಬೇಕು. ಇವರು ದಿನಾ ಬದುಕುತ್ತಿರುವುದೇ ನೀನು, ನೀವುಗಳ ನಡುವೆ. ಮೊದಲನೇ ಅಂಕದ ಏಳನೇ ದೃಶ್ಯದಲ್ಲಿ ಗಂಡ ಹಿಂಜರಿದಾಗ ಲೇಡಿ ಮ್ಯಾಕ್‌ಬೆತ್ ಮಾತು ಶುರುಮಾಡುವುದು ‘ಯೂ’ ಎಂದು. ನಾಲ್ಕಾರು ಸಾಲು ದಾಟುವಷ್ಟರಲ್ಲಿ ‘ದೈ ಲವ್’, ಹಿಂದೆಯೇ ‘ಆರ್ಟ್ ದೌ ಅಫಿಯರ್ಡ್’. ಏಕವಚನಕ್ಕೆ ಇಳಿದಳು ಎಂದು ಮಕ್ಕಳೇ ಹೇಳುತ್ತಾರೆ. ಆ ಮಾತನ್ನು ಕನ್ನಡಕ್ಕೆ ತಂದು ‘ರೀ’ ಎಲ್ಲಿಯವರೆಗೆ ಇರಬೇಕು, ಯಾವ ಶಬ್ದದ ಹತ್ತಿರ ಬಿದ್ದುಹೋಗಬೇಕು ಎಂದು ಗುರುತು ಹಾಕಿಸಿದರೆ ಆ ದೃಶ್ಯಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಧಾರವಾಡದ ಕಡೆಯ ಮಕ್ಕಳೂ ಮಂಡ್ಯದ ಕಡೆಯ ಮಕ್ಕಳೂ ಬೇರೆ ಬೇರೆ ಜಾಗದಲ್ಲಿ ಗುರುತು ಹಾಕುತ್ತಾರೆ. ಇಬ್ಬರದೂ ಸರಿ.

ಎಂಟು ವಾರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಎರಡನೇ ಅಂಕದ ಎರಡನೇ ದೃಶ್ಯ. 70 ಚಿಲ್ಲರೆ ಸಾಲು, ಇಬ್ಬರೇ ಪಾತ್ರಧಾರಿಗಳು, ಕೊಲೆ ಪಕ್ಕದ ಕೋಣೆಯಲ್ಲಿ ಆಗಿಹೋಗಿದೆ. ಇದನ್ನು ನಾವು ಪುಸ್ತಕವಾಗಿ ಕೊಡುವುದಿಲ್ಲ, ಚೀಟಿಯಾಗಿ ಕೊಡುತ್ತೇವೆ. ಶೇಕ್ಸ್‌ಪಿಯರ್‌ನ ಕಂಪನಿಯಲ್ಲಿ ನಟರಿಗೆ ಪೂರ್ತಿ ನಾಟಕ ಸಿಗುತ್ತಿರಲಿಲ್ಲ. ತನ್ನ ಮಾತು, ಅದಕ್ಕೆ ಮುಂಚೆ ಎದುರಿನವನ ಕೊನೆಯ ಎರಡು ಮೂರು ಶಬ್ದ, ಅಷ್ಟೇ ಬರೆದು ಕೊಡುತ್ತಿದ್ದರು. ಕೈಯಲ್ಲಿ ಬರೆದು ಪ್ರತಿ ಮಾಡುವ ಕಾಲ, ಕಾಗದ ದುಬಾರಿ, ನಾಟಕ ಇನ್ನೊಂದು ಕಂಪನಿಗೆ ಸೋರದಂತೆಯೂ ನೋಡಿಕೊಳ್ಳಬೇಕು. ನಾವೂ ಹಾಗೇ ಮಾಡಬಹುದು. ಎ ನಾಲ್ಕು ಹಾಳೆಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದರಲ್ಲಿ ಅವನ ಮಾತು, ಇನ್ನೊಂದರಲ್ಲಿ ಅವಳ ಮಾತು. ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗವಿರಲಿ.

ಪೂರ್ತಿ ಪಠ್ಯ ಕೈಯಲ್ಲಿದ್ದಾಗ ಮಕ್ಕಳು ಎದುರಿನವರ ಮಾತು ಕೇಳುವುದಿಲ್ಲ, ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಸರದಿ ಕಾಯುತ್ತಾರೆ. ಚೀಟಿ ಕೊಟ್ಟರೆ ಕಿವಿ ತೆರೆದಿಟ್ಟುಕೊಳ್ಳದೆ ಗತಿಯಿಲ್ಲ. ಅವಳು ‘ಡಿಡ್ ನಾಟ್ ಯೂ ಸ್ಪೀಕ್’ ಅನ್ನುತ್ತಾಳೆ. ‘ವೆನ್’ ಅನ್ನುತ್ತಾನೆ. ‘ನೌ’. ‘ಆಸ್ ಐ ಡಿಸೆಂಡೆಡ್’. ‘ಐ’, ಅಂದರೆ ಹೌದು. ಒಂದೊಂದು ಶಬ್ದದ ಮಾತುಗಳು. ಯಾವ ಸಾಲು ಯಾರದೆಂದು ಮುಂಚಿತವಾಗಿ ಗೊತ್ತಿಲ್ಲದೆ, ಎದುರಿನ ಮುಖವನ್ನೇ ನೋಡಿಕೊಂಡು ಹೇಳುವಾಗ ಅಂಜಿಕೆಯನ್ನು ಯಾರೂ ನಟಿಸಬೇಕಾಗುವುದಿಲ್ಲ. ಇಲ್ಲಿ ಮೂರು ಸಲ ಓಡಿಸಬೇಕು. ಮೊದಲ ಸಲ ಉಸಿರೂ ಬಿಡದೆ ಸರಸರನೆ. ಎರಡನೇ ಸಲ ಪ್ರತಿ ಮಾತಿನ ಹಿಂದೆ ಮನಸ್ಸಿನಲ್ಲೇ ಮೂರು ಎಣಿಸಿ. ಮೂರನೇ ಸಲ ಎಲ್ಲಿ ಓಡಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಜೋಡಿಯೇ ಗೊತ್ತು ಮಾಡಿಕೊಳ್ಳಲಿ.

ನಲವತ್ತು ಮಕ್ಕಳಿದ್ದರೆ ಇಪ್ಪತ್ತು ಜೋಡಿ ಒಂದೇ ಕೋಣೆಯಲ್ಲಿ ಒಟ್ಟಿಗೆ ಮಾಡಬಹುದೇ ಎಂದು ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಈ ದೃಶ್ಯ ಪಿಸುದನಿಯಲ್ಲೇ ನಡೆಯಬೇಕಾದದ್ದು, ಮನೆ ತುಂಬ ಜನ ಮಲಗಿದ್ದಾರೆ. ದನಿ ಏರಿಸಿದವರು ಸಿಕ್ಕಿಬಿದ್ದಂತೆ, ಅವರು ಮೊದಲಿನಿಂದ ಶುರುಮಾಡಬೇಕು. ಪಕ್ಕದ ತರಗತಿಯಿಂದ ದೂರು ಬರುವುದಿಲ್ಲ. ಹಿಂದೆ ಒಬ್ಬರನ್ನು ಬಾಗಿಲ ಹತ್ತಿರ ನಿಲ್ಲಿಸಿ, ದೃಶ್ಯದ ಕೊನೆಗೆ ಬರುವ ನಾಲ್ಕು ಬಡಿತಗಳನ್ನು ಅವರಿಗೆ ವಹಿಸಬೇಕು. ಯಾವಾಗ ಬಡಿಯುವುದೆಂದು ಅವರಿಗೆ ಮಾತ್ರ ಗೊತ್ತಿರಬೇಕು.

ಲೈಟು, ಪರದೆ, ಕಿರೀಟ ಯಾವುದೂ ಬೇಡ. 1599ರಲ್ಲಿ ಕಟ್ಟಿದ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನಡೆಯುತ್ತಿದ್ದುದು ಮಧ್ಯಾಹ್ನದ ಬಿಸಿಲಲ್ಲಿ. ಕತ್ತಲೆಯನ್ನು ಮಾತಿನಲ್ಲೇ ತರಬೇಕಿತ್ತು, ಗೂಬೆ, ಜೀರುಂಡೆ ಇವೆಲ್ಲ ಬರುವುದು ಅದಕ್ಕೆ. ಹುಡುಗಿಯ ಪಾತ್ರ ಮಾಡುವುದಿಲ್ಲ ಎಂದು ಹುಡುಗರು ಹಟ ಹಿಡಿದರೆ, ಆಗ ಇಂಗ್ಲೆಂಡಿನ ವೃತ್ತಿರಂಗದಲ್ಲಿ ಹೆಣ್ಣುಪಾತ್ರಗಳನ್ನೆಲ್ಲ ಹುಡುಗರೇ ಮಾಡುತ್ತಿದ್ದರು ಎಂದು ಹೇಳಬಹುದು. ಕರಾವಳಿಯ ಮಕ್ಕಳಿಗೆ ಅಷ್ಟೂ ಹೇಳಬೇಕಿಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರು ಅವರು.

ಸ್ವಗತಗಳಿಗೆ ಬೇರೆ ಉಪಾಯ. ‘ಇಫ್ ಇಟ್ ವರ್ ಡನ್’ ಎಂದು ಶುರುವಾಗುವ ಮಾತನ್ನು ನಡೆಯುತ್ತ ಓದಬೇಕು, ಪ್ರತಿ ಅಲ್ಪವಿರಾಮ, ಪೂರ್ಣವಿರಾಮ ಬಂದಾಗಲೂ ಸರಕ್ಕನೆ ದಿಕ್ಕು ಬದಲಿಸಬೇಕು. ಮೊದಲ ಎರಡು ಸಾಲಿಗೇ ತಲೆ ತಿರುಗುತ್ತದೆ. ಮ್ಯಾಕ್‌ಬೆತ್‌ನ ಮನಸ್ಸು ಎಷ್ಟು ಸಲ ಹೊರಳುತ್ತಿದೆ ಎಂದು ಹೇಳಿಕೊಡುವ ಕೆಲಸ ತಪ್ಪಿತು. ಸಾಲಿನ ಕೊನೆಯಲ್ಲಿ ನಿಲ್ಲುವ ಚಟವೂ ಇದರಿಂದ ಬಿಡುತ್ತದೆ. ವಿರಾಮ ಚಿಹ್ನೆ ಇಲ್ಲದಲ್ಲಿ ಕಾಲು ನಿಲ್ಲುವಂತಿಲ್ಲ.

ಸಿನಿಮಾ ತೋರಿಸುವುದಾದರೆ ಕೊನೆಗೆ, ತುಣುಕು ಮಾತ್ರ. ಕುರೊಸಾವಾ 1957ರಲ್ಲಿ ಇದೇ ಕಥೆಯನ್ನು ಜಪಾನಿನ ಕೋಟೆಗೆ ಒಯ್ದ ಚಿತ್ರದಲ್ಲಿ ನಾಯಕನ ಮೇಲೆ ಬಾಣದ ಮಳೆ ಸುರಿಯುವ ಕೊನೆಯ ದೃಶ್ಯ ಸಾಕು. ನಮ್ಮಲ್ಲೂ ಮ್ಯಾಕ್‌ಬೆತ್‌ಗೆ ಉದ್ದದ ಹಾದಿಯಿದೆ. 1895ರಲ್ಲೇ ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಎಂದು ರೂಪಾಂತರಿಸಿದರು. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಜೈಲಿನ ಕೈದಿಗಳೇ ಆಡಿದ್ದುಂಟು. ಕೊಲೆಯ ನಾಟಕವನ್ನು ಕೈದಿಗಳು ಆಡಿದರು ಎಂದರೆ ಮಕ್ಕಳು ಕೇಳುವ ಪ್ರಶ್ನೆಗಳು ಪರೀಕ್ಷೆಯ ಪ್ರಶ್ನೆಗಳಿಗಿಂತ ಚೆನ್ನಾಗಿರುತ್ತವೆ.

ಕವಿತೆಯನ್ನು ನಾಟಕದ ಜೊತೆಜೊತೆಗೇ, ವಾರಕ್ಕೊಂದು ಅರ್ಧ ಪೀರಿಯಡ್. ವರ್ಡ್ಸ್‌ವರ್ತ್‌ನ ಡ್ಯಾಫಡಿಲ್ ಹೂವಿನ ಕವಿತೆಯಿಂದ ಶುರುಮಾಡಬೇಡಿ, ನೋಡದ ಹೂವಿನ ನೆನಪಿನ ಆನಂದವನ್ನು ಮಕ್ಕಳ ಮೇಲೆ ಹೇರಿದಂತಾಗುತ್ತದೆ. ಕಥನಕವನದಿಂದ ಶುರುಮಾಡಿ. ಥಾಮಸ್ ಕ್ಯಾಂಬೆಲ್‌ನ ‘ಲಾರ್ಡ್ ಉಲ್ಲಿನ್ಸ್ ಡಾಟರ್’ ಕರ್ನಾಟಕದಲ್ಲಿ ಅರ್ಧ ಗೊತ್ತಿರುವ ಕವಿತೆ, ಬಿಎಂಶ್ರೀ ಅವರ ‘ಕಾರಿಹೆಗ್ಗಡೆಯ ಮಗಳು’ ಅದೇ. ಮೂಲವನ್ನು ಮೊದಲು ಓದಿಸಬೇಕು. ಕನ್ನಡ ಮೊದಲು ಬಂದರೆ ಇಂಗ್ಲಿಷನ್ನೂ ಆ ಧಾಟಿಯಲ್ಲೇ ಎಳೆಯುತ್ತಾರೆ. ಮೂಲದಲ್ಲಿ ಒಂದು ಸಾಲಿಗೆ ನಾಲ್ಕು ಪೆಟ್ಟು, ಮುಂದಿನದಕ್ಕೆ ಮೂರು. ಅದು ಕೂತ ಮೇಲೆ ‘ಪಡುವ ದಿಬ್ಬದ ಗೌಡನೊಬ್ಬನು’ ಎಂದು ಕನ್ನಡ ತೆರೆದು ಚಪ್ಪಾಳೆ ಹಾಕಿಸಿ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಬಿಎಂಶ್ರೀ ಆ ಲಯವನ್ನು ನಕಲು ಮಾಡಲು ಹೋಗದೆ ಇಲ್ಲಿಯ ಲಯಕ್ಕೆ ಕಥೆಯನ್ನು ಕೂರಿಸಿದರು ಎಂಬುದು ಕೈಗೇ ತಿಳಿಯುತ್ತದೆ. ಹೈಲೆಂಡಿನ ದೊರೆ ಗೌಡನಾದದ್ದನ್ನೂ ಆಗ ಮಾತಾಡಬಹುದು.

ಸಾನೆಟ್ಟಿಗೆ ಕತ್ತರಿ ಬೇಕು. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ 154 ಸಾನೆಟ್ಟುಗಳಲ್ಲಿ 130ನೆಯದನ್ನು ಹದಿನಾಲ್ಕು ಪಟ್ಟಿಗಳಾಗಿ ಕತ್ತರಿಸಿ, ಲಕೋಟೆಯಲ್ಲಿ ಹಾಕಿ, ನಾಲ್ವರ ಗುಂಪಿಗೆ ಒಂದರಂತೆ ಕೊಟ್ಟು ಜೋಡಿಸಲು ಹೇಳಿ. ಪ್ರಾಸ ಒಂದುಬಿಟ್ಟು ಒಂದು, ಕೊನೆಯ ಎರಡು ಮಾತ್ರ ಜೋಡಿ ಎಂಬ ಸುಳಿವು ಸಾಕು. 130 ಏಕೆಂದರೆ ಅದರ ಪ್ರಾಸಗಳೆಲ್ಲ ಇವತ್ತಿಗೂ ಹೊಂದುತ್ತವೆ. 116ನೆಯದನ್ನು ಕೊಟ್ಟರೆ ‘ಲವ್’ಗೆ ‘ರಿಮೂವ್’, ‘ಕಮ್’ಗೆ ‘ಡೂಮ್’ ಬಂದು ಜೋಡಿಸುವವರು ದಿಕ್ಕೆಡುತ್ತಾರೆ. ನನ್ನವಳ ಕಣ್ಣು ಸೂರ್ಯನಂತಿಲ್ಲ, ತುಟಿಗಿಂತ ಹವಳವೇ ಕೆಂಪು ಎಂದು ಕವಿ ಹೇಳುವಾಗ ನಗು ತಾನಾಗಿ ಬರುತ್ತದೆ. ಹವಳದ ತುಟಿ ನಮ್ಮ ಕಾವ್ಯದಲ್ಲೂ ಸವೆದ ನಾಣ್ಯ. ಜಾರುವುದು ನಾಲ್ಕನೇ ಸಾಲಿನಲ್ಲಿ. ತಲೆಯಲ್ಲಿ ಕಪ್ಪು ತಂತಿ ಬೆಳೆದಿದೆ ಎಂಬುದು ಅಲ್ಲಿ ಚುಚ್ಚುಮಾತು, ಏಕೆಂದರೆ ಆಗಿನ ಇಂಗ್ಲಿಷ್ ಕವಿಗಳಿಗೆ ಕೂದಲೆಂದರೆ ಬಂಗಾರದ ಎಳೆ. ಕಾರ್ಮುಗಿಲ ಮುಡಿಯನ್ನು ಹೊಗಳಿದ ಭಾಷೆಯ ಮಕ್ಕಳಿಗೆ ಕಪ್ಪು ಕೂದಲಲ್ಲಿ ತಪ್ಪೇನು ಎಂದು ಅರ್ಥವಾಗುವುದಿಲ್ಲ. ಇಲ್ಲಿ ತಡೆದು ವಿವರಿಸಲೇಬೇಕು. ಅದಕ್ಕೂ ಮುಂಚಿನ ಸಾಲಿನಲ್ಲಿ ಎದೆಯ ಬಣ್ಣದ ಮಾತಿದೆ. ಪಟ್ಟಿಯಿಂದ ಅದನ್ನು ತೆಗೆದುಹಾಕುವ ಶಾಲೆಗಳಿವೆ, ತೆಗೆದರೆ ಪ್ರಾಸ ಅನಾಥವಾಗುತ್ತದೆ. ಸಹಜವಾಗಿ ಓದಿ ಮುಂದೆ ಹೋದರೆ ಮಕ್ಕಳೂ ಹೋಗುತ್ತಾರೆ.

ವರ್ಡ್ಸ್‌ವರ್ತ್ ಬೇಕೇ ಬೇಕೆನ್ನುವವರಿಗೆ ‘ಸಾಲಿಟರಿ ರೀಪರ್’ ಇದೆ, 32 ಸಾಲು. ಕೊಯ್ಲು ಮಾಡುತ್ತ ಹಾಡುವ ಹುಡುಗಿಯ ಭಾಷೆ ಕವಿಗೆ ಬಾರದು, ಆದರೂ ಹಾಡು ಅವನನ್ನು ಬಿಡುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಮಕ್ಕಳು ಈ ಕವಿತೆಯಲ್ಲಿ ಕವಿಯ ಜಾಗದಲ್ಲಿ ತಾವೇ ನಿಲ್ಲುತ್ತಾರೆ.

ಮ್ಯಾಕ್‌ಬೆತ್ ಮುಗಿಸಿದ ತರಗತಿಗೆ ಮರುವರ್ಷ ಜೂಲಿಯಸ್ ಸೀಸರ್, ಅದರಲ್ಲೂ ಸೀಸರ್‌ನ ಕೊಲೆಯಾದ ಮೇಲೆ ಬ್ರೂಟಸ್, ಆಂಟನಿ ಜನರೆದುರು ಭಾಷಣ ಮಾಡುವ ಮೂರನೇ ಅಂಕದ ಎರಡನೇ ದೃಶ್ಯ. ಬ್ರೂಟಸ್, ಆಂಟನಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ರೋಮಿನ ಜನ. ಮಾತು ಬರೆದ ಚೀಟಿ ಆರೇಳು ಮಂದಿಗೆ ಸಾಕು, ಉಳಿದವರಿಗೆ ಮೂರು ಸೂಚನೆ: ಬ್ರೂಟಸ್ ಗದ್ಯದಲ್ಲಿ ಮಾತಾಡುವಾಗ ಜೈಕಾರ ಹಾಕಿ, ಆಂಟನಿ ಮೊದಲ ಸಲ ‘ಆನರಬಲ್’ ಅಂದಾಗ ತಲೆದೂಗಿ, ಆ ಶಬ್ದ ಮತ್ತೆ ಮತ್ತೆ ಬಂದಹಾಗೆ ನಿಮಗೆ ಯಾವಾಗ ಅನುಮಾನ ಬರುತ್ತದೋ ಆಗ ಎದ್ದು ನಿಲ್ಲಿ. ಎಲ್ಲರೂ ಒಟ್ಟಿಗೆ ಏಳುವುದಿಲ್ಲ. ಯಾರು ಯಾವ ಸಾಲಿಗೆ ಎದ್ದರು ಎಂದು ಒಬ್ಬರು ಬರೆದಿಟ್ಟುಕೊಳ್ಳಬೇಕು, ಮರುದಿನದ ಪಾಠಕ್ಕೆ ಬೇಕಾಗುತ್ತದೆ. ಈ ದೃಶ್ಯಕ್ಕೆ ಮಾತ್ರ ಪಕ್ಕದ ತರಗತಿಯವರಿಗೆ ಮುಂಚಿತವಾಗಿ ಹೇಳಿಟ್ಟಿರಿ, ಆಗುವುದಾದರೆ ಆಟದ ಮೈದಾನಕ್ಕೇ ಹೋಗಿ.